ಗಿರಿಯನೇರುವ ಆಸೆ



ಯಾದಗಿರಿಯ ಕೋಟೆಯ ಬೆಟ್ಟವನ್ನು ಒಮ್ಮೆಯಾದರೂ ಹತ್ತದೆ ಬೆಳೆದ ಮಕ್ಕಳು ಆ ಊರಿನಲ್ಲಿ ವಿರಳ. ಶಹಾಪುರದ ಮಗ್ಗುಲಲ್ಲಿ ಮಲಗಿದ ಬುದ್ಧನ ಆಕಾರ ತಳೆದು ನಿಂತ ಗುಡ್ಡಸಾಲನ್ನು ದಾರಿಹೋಕರು ಬಸ್ಸಿನ ಕಿಟಕಿಯಿಂದ ಇಣುಕಿ ನೋಡುತ್ತಾರೆ. ಸುರಪುರವಂತೂ ಗುಡ್ಡಗಳ ನಡುವೆಯೇ ನೆಲೆಗೊಂಡ ಸಂಸ್ಥಾನ. ಮೆಡೋಸ್ ಟೇಲರ್ ಸಾಹೇಬರು ಅಲ್ಲಿಯ ಒಂದು ಗುಡ್ಡದ ಮೇಲೆ ಕಟ್ಟಿಸಿದ ಬಂಗಲೆ ಇಂದಿಗೂ ಅವರ ಹೆಸರಿನಿಂದಲೇ ಕರೆಯಲ್ಪಡುತ್ತದೆ. ನಮ್ಮದು ಬಯಲುಸೀಮೆಯೆಂದು ಹೆಸರಾದರೂ ಕಲ್ಲುಬಂಡೆಗಳಿಗೆ ಇಲ್ಲಿ ಬರವಿಲ್ಲ. ಆದರೆ ಇವೆಲ್ಲ ಬೆಳಗಿನ ಉಪಾಹಾರಕ್ಕೆ ಮುನ್ನ ಹತ್ತಿ ಇಳಿಯಬಹುದಾದ ಎತ್ತರಗಳು. ನಾಡಿನಲ್ಲೇ ಎತ್ತರವೆನಿಸಿದ ಮುಳ್ಳಯ್ಯನಗಿರಿಯೂ ಎರಡು ಸಾವಿರ ಮೀಟರನ್ನು ಮುಟ್ಟುವುದಿಲ್ಲ. ಎಂಟು ಸಾವಿರ ಮೀಟರಿನ ಮಾತು ನಮ್ಮ ಜಗುಲಿಗೆ ಬರುವುದೆಂದು ನಾವು ಎಣಿಸಿರಲಿಲ್ಲ.

ಕಳೆದ ಶ್ರಾವಣದ ಒಂದು ಸಂಜೆ ಅದು ಬಂದೇಬಿಟ್ಟಿತು. ಶಹಾಪುರ ತಾಲ್ಲೂಕಿನ ಒಬ್ಬ ಗೃಹಸ್ಥರು, ಒಂದು ಕಾಲಕ್ಕೆ ನಮ್ಮ ಕೈಯಲ್ಲಿ ಅಕ್ಷರ ಕಲಿತವರು, ಮಗಳೊಡನೆ ನಮ್ಮ ಮನೆಗೆ ಬಂದರು. ಕಾಲುವೆ ನೀರಾವರಿಯ ನಾಲ್ಕು ಎಕರೆ ಹೊಲ, ಒಬ್ಬಳೇ ಮಗಳು, ಮನೆಯಲ್ಲಿ ಮುಪ್ಪಿನ ತಾಯಿ. ಮಗಳು ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದಾಳೆ, ಎನ್.ಸಿ.ಸಿ.ಯಲ್ಲಿದ್ದಾಳೆ, ಒಮ್ಮೆ ಹಿಮಾಲಯದ ತಪ್ಪಲಿನಲ್ಲಿ ಒಂದು ವಾರ ಚಾರಣ ಮಾಡಿ ಬಂದಿದ್ದಾಳೆ. ಅವಳ ಕೈಯಲ್ಲಿ ಬಣ್ಣದ ಒಂದು ಕರಪತ್ರವಿತ್ತು. ಎವರೆಸ್ಟ್ ಶಿಖರಕ್ಕೆ ಮಾರ್ಗದರ್ಶಕರೊಡನೆ ಎರಡು ತಿಂಗಳ ಯಾತ್ರೆ, ಪೂರ್ವಾನುಭವ ಅನಿವಾರ್ಯವಲ್ಲ, ಮೂವತ್ತು ಲಕ್ಷಕ್ಕೆ ಮೇಲ್ಪಟ್ಟ ವೆಚ್ಚ, ಐದು ಲಕ್ಷ ಮುಂಗಡ ಕಟ್ಟಿದರೆ ಹೆಸರು ನೋಂದಣಿ.

"ಗುರುಗಳೇ, ಎರಡು ಎಕರೆ ಮಾರಿದ್ರ ಆಗ್ತದ. ಆಕಿ ಹಟ ಹಿಡ್ದಾಳ. ನಮ್ಮವ್ವ ಮಾತ್ರ ಒಂದೇ ಮಾತು ಕೇಳ್ತಾಳ, ಗುಡ್ಡ ಹತ್ತಿ ಇಳ್ದು ಬರೂಮುಂದ ಮಗಳು ಏನ್ ತರ್ತಾಳ ಅಂತ. ಹೋಗ್ಲಿ ಅಂತೀರೋ, ಬ್ಯಾಡ ಅಂತೀರೋ?"

ನಾವು ಕೂಡಲೇ ಉತ್ತರಿಸಲಿಲ್ಲ. ಬೇಡವೆಂದು ಹೇಳುವುದು ಸುಲಭ. ಹೆಣ್ಣುಮಗಳ ವಿಷಯದಲ್ಲಿ ಇನ್ನೂ ಸುಲಭ. ನಮ್ಮ ಮನೆತನಗಳಲ್ಲಿ ಆ ಮಾತನ್ನು ಹೇಳಲು ಯಾರೂ ಎರಡು ಬಾರಿ ಯೋಚಿಸುವುದಿಲ್ಲ. ಆದರೆ ಆ ಹುಡುಗಿಯ ಕಣ್ಣಿನಲ್ಲಿದ್ದುದು ಬರಿಯ ಚಪಲವಾಗಿರಲಿಲ್ಲ. ನಾಲ್ಕು ದಿನ ಬಿಟ್ಟು ಬರಹೇಳಿ, ತಿಳಿದವರನ್ನು ವಿಚಾರಿಸಿ, ಓದಬೇಕಾದುದನ್ನು ಓದಿ, ಅವರಿಗೆ ನಾವು ಹೇಳಿದುದನ್ನೇ ಇಲ್ಲಿ ವಾಚಕರ ಮುಂದೆಯೂ ಇಡುತ್ತಿದ್ದೇವೆ. ಇಂಥ ಕರಪತ್ರ ನಾಳೆ ನಿಮ್ಮ ಮನೆಗೂ ಬಂದೀತು.

ಎತ್ತರವೆಂದರೇನೆಂಬ ಅಲ್ಪಸ್ವಲ್ಪ ಅನುಭವ ನಮಗೆ ಆದುದು ಕೇದಾರದಲ್ಲಿ. ದಕ್ಷಿಣದ ವೀರಶೈವ ಜಂಗಮ ಪರಂಪರೆಯವರೇ ರಾವಲರಾಗಿರುವ ಆ ಕ್ಷೇತ್ರಕ್ಕೆ ನಮ್ಮ ಭಾಗದ ಭಕ್ತರು ತಂಡತಂಡವಾಗಿ ಹೋಗುವುದು ಹೊಸದಲ್ಲ. ಹಲವು ವರ್ಷಗಳ ಹಿಂದೆ ಅಂಥ ಒಂದು ತಂಡದಲ್ಲಿ ನಾವೂ ಇದ್ದೆವು. ಹಗಲೆಲ್ಲ ಉತ್ಸಾಹದಿಂದ ನಡೆದವರಿಗೆ ರಾತ್ರಿಯಾಗುತ್ತಲೇ ತಲೆ ಸಿಡಿಯತೊಡಗಿತು. ಊಟ ರುಚಿಸಲಿಲ್ಲ, ನಿದ್ದೆ ಹತ್ತಲಿಲ್ಲ, ಕಣ್ಣು ಮುಚ್ಚಿದರೆ ಉಸಿರು ಕಟ್ಟಿದಂತಾಗಿ ಎದ್ದು ಕೂಡುವುದಾಯಿತು. ನಮ್ಮೊಡನಿದ್ದ ಒಬ್ಬ ಹಿರಿಯರು ತಮಗೂ ಹಾಗೆಯೇ ಆಗುತ್ತಿದೆಯೆಂಬುದನ್ನು ಸಂಕೋಚದಿಂದ ಮುಚ್ಚಿಟ್ಟರು. ಬೆಳಗಿನ ಹೊತ್ತಿಗೆ ಅವರ ಹೆಜ್ಜೆ ತಪ್ಪುತ್ತಿತ್ತು. ಅವರನ್ನು ಕುದುರೆಯ ಮೇಲೆ ಕೂಡಿಸಿ ಕೆಳಗಿಳಿಸಿದ ಮೇಲೆ, ಯಾವ ಔಷಧಿಯೂ ಇಲ್ಲದೆ, ಸಂಜೆಯೊಳಗೆ ಚೇತರಿಸಿಕೊಂಡರು. ಕೇದಾರನಾಥದ ಎತ್ತರ 3,583 ಮೀಟರು. ಎವರೆಸ್ಟಿನ ನೇಪಾಳ ಬದಿಯ ತಳಶಿಬಿರವೇ 5,364 ಮೀಟರು. ಶಿಖರ 8,848.86 ಮೀಟರು; 2020ರ ಡಿಸೆಂಬರಿನಲ್ಲಿ ನೇಪಾಳ ಮತ್ತು ಚೀನಾ ಜೊತೆಗೂಡಿ ಘೋಷಿಸಿದ ಅಳತೆ ಇದು.

ಅಳತೆಯ ಮಾತು ಬಂದುದರಿಂದ ಒಂದು ಸಂಗತಿ. ಈ ಶಿಖರದ ಎತ್ತರವನ್ನು ಜಗತ್ತಿಗೆ ತಿಳಿಸಿದ ಮಹಾ ಮೋಜಣಿಯನ್ನು ಲ್ಯಾಂಬ್ಟನ್ 1802ರಲ್ಲಿ ಮದರಾಸಿನಲ್ಲಿ ಆರಂಭಿಸಿದರು. ಅದರ ತ್ರಿಕೋನಗಳ ಸಾಲು ನಮ್ಮ ದಖ್ಖಣದ ಮೂಲಕವೇ ಬೀದರ ಸಮೀಪದ ದಾಮರಗಿದ್ದವನ್ನು ಹಾಯ್ದು ಉತ್ತರಕ್ಕೆ ಸಾಗಿತು. ಲೆಕ್ಕದಲ್ಲಿ ನಿಪುಣರಾದ ಬಂಗಾಲದ ರಾಧಾನಾಥ ಸಿಕ್ದಾರರಂಥವರ ಶ್ರಮದಿಂದ 1856ರಲ್ಲಿ ಆ ಶಿಖರದ ಎತ್ತರ 29,002 ಅಡಿಯೆಂದು ಪ್ರಕಟವಾಯಿತು. ಹಿಮಾಲಯವನ್ನು ಅಳೆದ ಸರಪಣಿಯ ಒಂದು ಕೊಂಡಿ ನಮ್ಮ ನೆರೆಯಲ್ಲೇ ಇತ್ತೆಂಬುದು ಮಕ್ಕಳಿಗೆ ಹೇಳತಕ್ಕ ಮಾತು.

ಇರಲಿ. ಮೇಲೇರಿದಂತೆ ಗಾಳಿಯ ಒತ್ತಡ ತಗ್ಗುತ್ತದೆ. ತಳಶಿಬಿರದಲ್ಲಿ ಒಂದು ಉಸಿರಿಗೆ ದೊರೆಯುವ ಪ್ರಾಣವಾಯು ಸಮುದ್ರಮಟ್ಟದ ಅರ್ಧದಷ್ಟು. ಶಿಖರದಲ್ಲಿ ಮೂರನೆಯ ಒಂದರಷ್ಟು ಮಾತ್ರ. ಶಿಖರದಲ್ಲಿ ನೀರು ಸುಮಾರು 70 ಡಿಗ್ರಿಗೇ ಕುದಿಯುತ್ತದೆ. ನಮ್ಮ ತೊಗರಿಬೇಳೆ ಅಲ್ಲಿ ಗಂಟೆಗಟ್ಟಲೆ ಕುದಿಸಿದರೂ ಬೇಯದೆಂದರೆ ನಮ್ಮ ತಾಯಂದಿರಿಗೆ ಆ ಎತ್ತರದ ಸ್ವರೂಪ ತಿಳಿದೀತು. ದೇಹಕ್ಕೆ ಈ ಕೊರತೆಯನ್ನು ಒಗ್ಗಿಸಬೇಕಾದರೆ ವಾರಗಳು ಬೇಕು. ಅದಕ್ಕಾಗಿಯೇ ಆರೋಹಿಗಳು ಒಂದು ಶಿಬಿರಕ್ಕೆ ಏರಿ, ಮತ್ತೆ ಇಳಿದು ಕೆಳಗೆ ಮಲಗಿ, ಮರುದಿನ ಇನ್ನಷ್ಟು ಏರಿ, ಹೀಗೆ ಒಂದೇ ದಾರಿಯನ್ನು ಹಲವು ಸಲ ತುಳಿಯುತ್ತಾರೆ. ಎರಡು ತಿಂಗಳು ಹಿಡಿಯುವುದು ದೂರಕ್ಕಾಗಿ ಅಲ್ಲ, ರಕ್ತಕ್ಕಾಗಿ. ಎಂಟು ಸಾವಿರ ಮೀಟರಿನ ಮೇಲೆ ಯಾವ ದೇಹವೂ ಒಗ್ಗುವುದಿಲ್ಲ. ಅಲ್ಲಿ ಕಳೆದ ಪ್ರತಿಯೊಂದು ಗಂಟೆಯೂ ಸವೆತವೇ. ಆದುದರಿಂದಲೇ ಬಲ್ಲ ಮಾರ್ಗದರ್ಶಕರು ಶಿಖರದ ದಿನ ಹಿಂದಿರುಗುವ ಗಳಿಗೆಯನ್ನು ಮೊದಲೇ ಗೊತ್ತುಮಾಡಿರುತ್ತಾರೆ. ಆ ಗಳಿಗೆ ಮೀರಿದರೆ ಶಿಖರ ನೂರು ಹೆಜ್ಜೆಯ ಅಂತರದಲ್ಲಿದ್ದರೂ ತಿರುಗಲೇಬೇಕು. 1996ರ ಮೇ ತಿಂಗಳಲ್ಲಿ ಈ ಕಟ್ಟಳೆ ಸಡಿಲಗೊಂಡು, ಮಧ್ಯಾಹ್ನ ಕಳೆದ ಮೇಲೂ ಜನ ಏರುತ್ತಲೇ ಇದ್ದಾಗ ಬಿರುಗಾಳಿ ಎದ್ದು ಎಂಟು ಮಂದಿ ಅಸುನೀಗಿದರು. ಅವರಲ್ಲಿ ಇಬ್ಬರು ಹೆಸರಾಂತ ಮಾರ್ಗದರ್ಶಕ ತಂಡಗಳ ನಾಯಕರೇ ಆಗಿದ್ದರು.

ಹಣ ಕೊಟ್ಟರೆ ಮಾರ್ಗದರ್ಶಕರು ದೊರೆಯುತ್ತಾರೆ, ಹಗ್ಗ ಕಟ್ಟಿರುತ್ತದೆ, ಡೇರೆ ಹಾಕಿರುತ್ತದೆ, ಪ್ರಾಣವಾಯುವಿನ ಸಿಲಿಂಡರು ಹೊತ್ತು ತರುವವರಿರುತ್ತಾರೆ, ಇದು ನಿಜ. ಹೊರುವವರು ಯಾರೆಂಬುದನ್ನು ಕರಪತ್ರ ಬರೆಯುವುದಿಲ್ಲ. 2014ರ ಏಪ್ರಿಲ್ 18ರಂದು ಖುಂಬು ಹಿಮಪ್ರಪಾತದಲ್ಲಿ ಹಿಮ ಕುಸಿದು ಸತ್ತ ಹದಿನಾರು ಮಂದಿಯೂ ಯಾತ್ರಿಕರಲ್ಲ, ಯಾತ್ರಿಕರಿಗಾಗಿ ದಾರಿಯಲ್ಲಿ ದುಡಿಯುತ್ತಿದ್ದ ನೇಪಾಳಿ ಕಾಯಕಜೀವಿಗಳು. ಕಾಮಿ ರೀತಾ ಶೆರ್ಪಾ 2025ರವರೆಗೆ 31 ಬಾರಿ ಆ ತುದಿಯನ್ನು ಮುಟ್ಟಿದ್ದಾರೆ. ಅವರಿಗೆ ಅದು ಸಾಹಸವಲ್ಲ, ಸಂಸಾರ ನಡೆಸುವ ಕಾಯಕ. ಕಾಯಕದ ಮಹತ್ವ ಬಲ್ಲ ನಮ್ಮ ಸಮಾಜದವರು ಇದನ್ನು ಮೊದಲು ನೆನೆಯಬೇಕೆಂದು ಆ ಹುಡುಗಿಗೆ ಹೇಳಿದೆವು. ಅವಳು ತಲೆದೂಗಿದಳು. ಆ ಹೆಸರನ್ನು ಅವಳು ನಮಗಿಂತ ಮೊದಲೇ ಬಲ್ಲವಳಾಗಿದ್ದಳು!

ಕೊಟ್ಟ ಹಣ ಶಿಖರವನ್ನು ಕೊಂಡು ತರುವುದಿಲ್ಲ. ಹವೆ ಕೆಟ್ಟರೆ, ಶ್ವಾಸಕೋಶದಲ್ಲಿ ನೀರು ತುಂಬಿದರೆ, 2015ರ ಏಪ್ರಿಲ್ 25ರಂತೆ ಭೂಮಿಯೇ ನಡುಗಿದರೆ, ಬರಿಗೈಯಲ್ಲಿ ಮರಳಬೇಕು, ಹಣ ಮರಳುವುದಿಲ್ಲ. 2025ರ ಸೆಪ್ಟೆಂಬರಿನಿಂದ ನೇಪಾಳ ಸರಕಾರದ ಪರವಾನಗಿ ಶುಲ್ಕವೇ ವಸಂತ ಋತುವಿಗೆ ತಲೆಗೆ 11,000 ಡಾಲರಿನಿಂದ 15,000 ಡಾಲರಿಗೆ ಏರಿದೆ. ನಮ್ಮ ರೂಪಾಯಿಯಲ್ಲಿ ಹದಿಮೂರು ಲಕ್ಷದ ಆಸುಪಾಸು. ಅನುಭವವಿಲ್ಲದವರು ಹೆಚ್ಚಿದಂತೆ ಹಗ್ಗದ ಮೇಲೆ ಜನರ ಸಾಲು ನಿಲ್ಲುತ್ತದೆ. 2019ರಲ್ಲಿ ಆ ಸಾಲಿನ ಚಿತ್ರವನ್ನು ಎಲ್ಲರೂ ಪತ್ರಿಕೆಗಳಲ್ಲಿ ನೋಡಿದ್ದೇವೆ. ಆ ವರ್ಷ ಹನ್ನೊಂದು ಮಂದಿ ಸತ್ತರು, ಅವರಲ್ಲಿ ಭಾರತೀಯರೂ ಇದ್ದರು. ಕೀರ್ತಿಯ ಆಸೆ ಇನ್ನೊಂದು ಬಗೆಯಲ್ಲೂ ಕೆಡಿಸುತ್ತದೆ. ನೆರೆಯ ಮಹಾರಾಷ್ಟ್ರದ ದಂಪತಿಗಳಿಬ್ಬರು 2016ರಲ್ಲಿ ಬೇರೊಬ್ಬರ ಚಿತ್ರವನ್ನು ತಿದ್ದಿ ತಾವು ಶಿಖರವೇರಿದುದಾಗಿ ಸಾರಿ, ಸುಳ್ಳು ಬಯಲಾಗಿ, ನೇಪಾಳದಿಂದ ಹತ್ತು ವರ್ಷಗಳ ನಿಷೇಧಕ್ಕೆ ಗುರಿಯಾದರು.

ಇಷ್ಟನ್ನೇ ಹೇಳಿ ನಿಲ್ಲಿಸಿದ್ದರೆ ನಾವು ಹುಡುಗಿಗೆ ಅನ್ಯಾಯ ಮಾಡಿದಂತಾಗುತ್ತಿತ್ತು. ನಮ್ಮ ನೆರೆಯ ತೆಲಂಗಾಣದ ಮಾಲಾವತ್ ಪೂರ್ಣಾ ಎಂಬ ಬಾಲೆಯನ್ನು ನೆನೆಯಿರಿ. ನಿಜಾಮಾಬಾದ್ ಜಿಲ್ಲೆಯ ಪಾಕಾಲ ಎಂಬ ಹಳ್ಳಿಯ ಕೂಲಿಕಾರರ ಮಗಳು, ಸರಕಾರದ ಸಮಾಜಕಲ್ಯಾಣ ವಸತಿಶಾಲೆಯ ವಿದ್ಯಾರ್ಥಿನಿ. ನಮ್ಮ ಯಾದಗಿರಿಯ ತಾಂಡಾಗಳಿಂದ ಪ್ರತಿವರ್ಷ ಗುಳೆ ಹೋಗುವ ಮನೆಗಳ ಮಕ್ಕಳಿಗೂ ಅವಳಿಗೂ ಏನೂ ಅಂತರವಿಲ್ಲ. 2014ರ ಮೇ 25ರಂದು, ಹದಿನಾಲ್ಕು ತುಂಬುವ ಮೊದಲೇ, ಅವಳು ಟಿಬೆಟಿನ ಕಡೆಯಿಂದ ಎವರೆಸ್ಟ್ ಏರಿದಳು. ಅದೇ ಇಲಾಖೆಯ ಶಾಲೆಯ ಸಾಧನಪಲ್ಲಿ ಆನಂದಕುಮಾರ್ ಎಂಬ ಹುಡುಗನೂ ಜೊತೆಗಿದ್ದ. ಅವಳದೂ ಮಾರ್ಗದರ್ಶಕರೊಡನೆ ಹೋದ ಯಾತ್ರೆಯೇ. ಆದರೆ ಅದು ಕರಪತ್ರದಿಂದ ಆರಂಭವಾಗಲಿಲ್ಲ. ಹೈದರಾಬಾದಿನ ಆಚೆಗಿರುವ ಭುವನಗಿರಿಯ ಏಕಶಿಲಾ ಬೆಟ್ಟದಲ್ಲಿ, ನಮ್ಮ ಯಾದಗಿರಿಯ ಬಂಡೆಯಂಥದೇ ಬಂಡೆಯ ಮೇಲೆ, ನೂರಕ್ಕೂ ಹೆಚ್ಚು ಮಕ್ಕಳೊಡನೆ ಮೊದಲ ಪಾಠ, ಆಯ್ದವರಿಗೆ ಡಾರ್ಜಿಲಿಂಗಿನ ಹಿಮಾಲಯ ಪರ್ವತಾರೋಹಣ ಸಂಸ್ಥೆಯಲ್ಲಿ ಶಿಕ್ಷಣ, ಅವರಲ್ಲೂ ಕೆಲವರಿಗೆ ಲಡಾಖಿನ ಚಳಿಗಾಲದ ಅಭ್ಯಾಸ, ಕೊನೆಗುಳಿದವರು ಇಬ್ಬರೇ. ವೆಚ್ಚವನ್ನು ಸರಕಾರ ಭರಿಸಿತು. ಅವಳ ತಂದೆತಾಯಿ ಹೊಲ ಮಾರಲಿಲ್ಲ.

ನಮ್ಮ ನಾಡಿನಲ್ಲೂ ನಿದರ್ಶನಗಳುಂಟು. ಹುಬ್ಬಳ್ಳಿಯ ನಂದಿತಾ ನಾಗನಗೌಡರ 2016ರಲ್ಲಿ ಎವರೆಸ್ಟ್ ಏರಿದರು. ಮೈಸೂರಿನ ಜೆ.ಎಸ್.ಎಸ್. ದಂತ ವೈದ್ಯಕೀಯ ಕಾಲೇಜಿನ ಪ್ರಾಧ್ಯಾಪಕಿ ಡಾ. ಉಷಾ ಹೆಗಡೆಯವರು 2022ರ ಮೇ ತಿಂಗಳಲ್ಲಿ, 52ರ ಪ್ರಾಯದಲ್ಲಿ, ಶಿಖರ ಮುಟ್ಟಿದರು. ಸುತ್ತೂರು ಮಠದ ಸಂಸ್ಥೆಯಲ್ಲಿ ಪಾಠ ಹೇಳುವ ಗೃಹಿಣಿಯೊಬ್ಬರು ಆ ವಯಸ್ಸಿನಲ್ಲಿ ಹೋಗಿಬಂದರೆಂದು ಕೇಳಿದಾಗ ನಮ್ಮ ಶಿಷ್ಯರ ಮುಖದಲ್ಲಿ ಮೊದಲ ಬಾರಿಗೆ ನಗೆ ಮೂಡಿತು. "ಹಂಗಾದ್ರ ಇಪ್ಪತ್ತಕ್ಕೇ ಹೋಗಬೇಕಂತೇನಿಲ್ಲ" ಎಂದರು. ಅವರು ಹಿಡಿಯಬೇಕಾದ ಎಳೆಯನ್ನೇ ಹಿಡಿದಿದ್ದರು.

ನಾವು ಸೂಚಿಸಿದ ದಾರಿ ಇದು. ಡಾರ್ಜಿಲಿಂಗಿನಲ್ಲಿ 1954ರಲ್ಲೂ ಉತ್ತರಕಾಶಿಯಲ್ಲಿ 1965ರಲ್ಲೂ ಸ್ಥಾಪನೆಗೊಂಡ ಪರ್ವತಾರೋಹಣ ಶಿಕ್ಷಣ ಸಂಸ್ಥೆಗಳು ಇಂದಿಗೂ ನಡೆಯುತ್ತಿವೆ. ಮನಾಲಿಯಲ್ಲೂ ಪಹಲ್ಗಾಮದಲ್ಲೂ ಅಂಥವೇ ಇವೆ. ಎವರೆಸ್ಟನ್ನು ಮೊದಲು ಮೆಟ್ಟಿದ ತೇನ್‌ಸಿಂಗರೇ ಡಾರ್ಜಿಲಿಂಗಿನ ಸಂಸ್ಥೆಯಲ್ಲಿ ತರಬೇತಿಯ ಹೊಣೆ ಹೊತ್ತಿದ್ದವರು. ಅಲ್ಲಿಯ ಪ್ರಾರಂಭಿಕ ಶಿಕ್ಷಣ ಸುಮಾರು ನಾಲ್ಕು ವಾರಗಳದು: ಬಂಡೆಯ ಮೇಲೆ, ಹಿಮದ ಮೇಲೆ, ಮಂಜುಗಡ್ಡೆಯ ಮೇಲೆ, ಬೆನ್ನಿಗೆ ಭಾರ ಹೇರಿಕೊಂಡು. ಕೊನೆಯಲ್ಲಿ ಶ್ರೇಣಿ ಕೊಡುತ್ತಾರೆ. ಉತ್ತಮ ಶ್ರೇಣಿ ಬಂದವರಿಗೆ ಮಾತ್ರ ಮುಂದಿನ ಶಿಕ್ಷಣ. ಶುಲ್ಕ ಒಂದು ಒಳ್ಳೆಯ ಎತ್ತಿನ ಬೆಲೆಗಿಂತ ಕಡಿಮೆ. ಎನ್.ಸಿ.ಸಿ.ಯವರು ಆಯ್ದ ಮಕ್ಕಳನ್ನು ಈ ಸಂಸ್ಥೆಗಳಿಗೆ ಕಳಿಸುತ್ತಾರೆ. 2013, 2016 ಮತ್ತು 2025ರಲ್ಲಿ ಎನ್.ಸಿ.ಸಿ.ಯ ತಂಡಗಳೇ ಎವರೆಸ್ಟ್ ಏರಿವೆ. ಮನೆಬಾಗಿಲಿನಲ್ಲಿ ಇಂಥ ದಾರಿ ಇರುವಾಗ ಹೊಲ ಮಾರುವ ಅವಸರವೇಕೆ? ಮೊದಲು ನಾಲ್ಕು ವಾರ ಕಲಿಯಲಿ, ಆಮೇಲೆ ಆರು ಸಾವಿರ ಮೀಟರಿನ ಒಂದು ಶಿಖರ, ಬಳಿಕ ಏಳು ಸಾವಿರ. ಅಷ್ಟು ಹೊತ್ತಿಗೆ ಅವಳ ದೇಹವೂ ಮನಸ್ಸೂ ತಾವಾಗಿಯೇ ಉತ್ತರ ಹೇಳಿಯಾವು.

ಹುಡುಗಿ ಬಹಳ ಹೊತ್ತು ಮಾತನಾಡಲಿಲ್ಲ. "ಹೇಳವ್ವ, ಬ್ಯಾಸರಾತೇನು?" ಎಂದು ಕೇಳಿದೆವು.

"ಇಲ್ರಿ ಅಜ್ಜಾರ. ಆದ್ರ ಇದಕ್ಕ ಐದಾರು ವರ್ಷ ಬೇಕಾಗ್ತದ. ಅಷ್ಟರಾಗ ನನ್ ಮದುವಿ ಮಾಡಿಬಿಡ್ತಾರ."

ಈ ಮಾತಿಗೆ ನಮ್ಮಲ್ಲಿ ಸಿದ್ಧವಾದ ಉತ್ತರವಿರಲಿಲ್ಲವೆಂಬುದನ್ನು ಒಪ್ಪಿಕೊಳ್ಳುತ್ತೇವೆ. ಮಗಳ ಅವಸರದ ಮೂಲ ಶಿಖರವಲ್ಲ, ಕೈಜಾರುತ್ತಿರುವ ಕಾಲವೆಂಬುದು ಆಗ ನಮಗೆ ಹೊಳೆಯಿತು. ತಂದೆಯ ಮುಖ ನೋಡಿದೆವು. ಅವರು ಟವೆಲಿನಿಂದ ಕತ್ತು ಒರೆಸಿಕೊಂಡು, ನೆಲ ನೋಡುತ್ತ ಹೇಳಿದರು: "ಹೊಲ ಮಾರಾಕ ತಯಾರಾದಾಂವ, ನಾಲ್ಕು ವರ್ಷ ತಡಿಲಿಕ್ಕೆ ಆಗೂದಿಲ್ಲೇನ್ರಿ ನನಗ?" ಆ ಮಾತನ್ನು ನಮ್ಮೆದುರಿಗೆ ಆಡಿದ್ದಾರಾದುದರಿಂದ ಇಲ್ಲಿ ಅಚ್ಚು ಹಾಕಿಸುತ್ತಿದ್ದೇವೆ, ನಾಳೆ ಮರೆತರೆ ಮಗಳು ಈ ಸಂಚಿಕೆಯನ್ನು ತೋರಿಸಲಿ.

ಉತ್ತರಕಾಶಿಗೆ ಅರ್ಜಿ ಹೋಗಿದೆ, ಸರದಿ ಬರಬೇಕು. ಅಲ್ಲಿಯವರೆಗೆ ಅವಳು ದಿನವೂ ನಸುಕಿನಲ್ಲಿ ಬೆನ್ನಿಗೆ ಚೀಲ ಕಟ್ಟಿಕೊಂಡು ಊರ ಹಿಂದಿನ ಗುಡ್ಡವನ್ನು ಎರಡು ಬಾರಿ ಹತ್ತಿ ಇಳಿಯುತ್ತಾಳೆ. ಚೀಲದಲ್ಲಿ ಕಲ್ಲು ತುಂಬಿದರೆ ಬೆನ್ನು ಒತ್ತುತ್ತದೆಂದು ಜೋಳ ತುಂಬುತ್ತಾಳಂತೆ. ಮೊದಲ ವಾರ ಐದು ಸೇರು ಇತ್ತು, ಈಗ ಹತ್ತಕ್ಕೆ ಬಂದಿದೆ. ಅದನ್ನು ಪ್ರತಿದಿನ ಅಳೆದು ಹಾಕಿ, ಮರಳಿ ಬಂದ ಮೇಲೆ ಒಂದು ಕಾಳೂ ಕಡಿಮೆಯಾಗಿಲ್ಲವೆಂದು ಮತ್ತೆ ಅಳೆದು ಗಡಿಗೆಗೆ ಸುರಿಯುವವರು ಅವಳ ಅಜ್ಜಿ.