ನಡುಗಡಲಿನಲ್ಲಿ ಬೇನೆ ಬಂದರೆ

ನಮ್ಮ ಬೀದಿಯ ಕೊನೆಯ ಮನೆಯಲ್ಲಿರುವ ನಿವೃತ್ತ ಉಪಾಧ್ಯಾಯರು ಕಳೆದ ವಾರ ಸಪತ್ನೀಕರಾಗಿ ನಮ್ಮಲ್ಲಿಗೆ ಬಂದಿದ್ದರು. ಪರದೇಶದಲ್ಲಿರುವ ಅವರ ಮಗನು ತಂದೆತಾಯಿಗಳಿಗಾಗಿ ವಿಹಾರದ ಹಡಗೊಂದರಲ್ಲಿ ಹತ್ತು ದಿನಗಳ ಪ್ರಯಾಣಕ್ಕೆ ಟಿಕೀಟು ಕೊಂಡಿರುವನಂತೆ. ಆಕೆ ಒಳಗೆ ಹೋಗಿ ನಮ್ಮವರೊಡನೆ ರೇಷ್ಮೆ ಸೀರೆಯೋ ನೂಲಿನ ಸೀರೆಯೋ ಎಂಬ ಗಹನ ವಿಚಾರದಲ್ಲಿ ತೊಡಗಿದಾಗ, ಉಪಾಧ್ಯಾಯರು ಕಾಫಿಯ ಲೋಟವನ್ನು ಕೆಳಗಿರಿಸಿ ದನಿ ತಗ್ಗಿಸಿ ಕೇಳಿದರು: “ಅಲ್ಲ ಸ್ವಾಮಿ, ನನಗೋ ಎಪ್ಪತ್ತೆರಡಾಯಿತು. ಎರಡು ವರ್ಷದ ಹಿಂದೆ ಒಮ್ಮೆ ಎದೆನೋವು ಬಂದು ಹೋಗಿದೆ. ಮಗನಿಗೆ ಅದನ್ನು ತಿಳಿಸಿಲ್ಲ. ನಡುಗಡಲಿನಲ್ಲಿ ಏನಾದರೂ ಆದರೆ ಗತಿಯೇನು? ಅಲ್ಲಿ ಆಟೋ ಹಿಡಿದು ಆಸ್ಪತ್ರೆಗೆ ಓಡುವಂತಿದೆಯೆ?”

ಪ್ರಶ್ನೆ ಅವರೊಬ್ಬರದೇ ಅಲ್ಲ. ಮಕ್ಕಳ ಅಕ್ಕರೆಯಿಂದ ಇಂದು ನಮ್ಮವರಲ್ಲಿ ಎಷ್ಟೋ ಮಂದಿ ವೃದ್ಧರು ಹಡಗು ಹತ್ತುತ್ತಿದ್ದಾರೆ. ಆದುದರಿಂದ ಅವರಿಗೆ ಹೇಳಿದ ಮಾತನ್ನೇ ವಾಚಕರ ಮುಂದೆಯೂ ಇಡುತ್ತೇನೆ.

ಹಡಗಿನಲ್ಲಿ ವೈದ್ಯರೇ ಇರುವುದಿಲ್ಲವೆಂದು ಹೆದರಬೇಕಾಗಿಲ್ಲ. ನೂರು ಅಥವಾ ಅದಕ್ಕಿಂತ ಹೆಚ್ಚು ಜನರನ್ನು ಹೊತ್ತು, ಮೂರು ದಿನಗಳಿಗೆ ಮೀರಿದ ಅಂತರರಾಷ್ಟ್ರೀಯ ಯಾತ್ರೆ ಮಾಡುವ ಹಡಗಿನಲ್ಲಿ ವೈದ್ಯರೊಬ್ಬರು ಇರಲೇಬೇಕೆಂದು 2006ರ ನಾವಿಕ ಕಾರ್ಮಿಕರ ಒಪ್ಪಂದವು ವಿಧಿಸಿದೆ. ದೊಡ್ಡ ವಿಹಾರನೌಕೆಗಳಲ್ಲಿ ದಾದಿಯರೂ ಕೆಲವು ಹಾಸಿಗೆಗಳೂ ಹೃದಯದ ಬಡಿತವನ್ನು ಬರೆದು ತೋರಿಸುವ ಯಂತ್ರವೂ ಪ್ರಾಣವಾಯುವಿನ ಸೌಕರ್ಯವೂ ಇರುತ್ತವೆ. ಆದರೆ ಹಡಗಿನ ಆಸ್ಪತ್ರೆಯು ರೋಗಿಯನ್ನು ದಡದ ಆಸ್ಪತ್ರೆಗೆ ಮುಟ್ಟಿಸುವವರೆಗೆ ಜೀವ ಹಿಡಿದು ನಿಲ್ಲಿಸುವ ಸ್ಥಳವೇ ಹೊರತು, ಹೊಟ್ಟೆಯೊಳಗೆ ರಕ್ತ ಸೋರುತ್ತಿರುವವನಿಗೆ ದೊಡ್ಡ ಶಸ್ತ್ರಚಿಕಿತ್ಸೆ ಮಾಡುವ ಸ್ಥಳವಲ್ಲ.

ಹಡಗಿನ ವೈದ್ಯರು ಒಂಟಿಯೂ ಅಲ್ಲ. ದಡದ ವೈದ್ಯರಿಂದ ರೇಡಿಯೋ ಮೂಲಕ ಸಲಹೆ ಪಡೆಯುವ ಪದ್ಧತಿಗೆ ನೂರು ವರ್ಷ ತುಂಬಿದೆ. 1935ರಲ್ಲಿ ಗ್ವಿಡೋ ಗ್ವಿಡಾ ಎಂಬ ವೈದ್ಯರು ರೋಮ್ ನಗರದಲ್ಲಿ ಇದಕ್ಕಾಗಿಯೇ ಒಂದು ಕೇಂದ್ರವನ್ನು ಸ್ಥಾಪಿಸಿದರು. ನಿಸ್ತಂತು ವಾರ್ತೆಯ ಮಾರ್ಕೋನಿಯವರೇ ಅದರ ಮೊದಲನೆಯ ಅಧ್ಯಕ್ಷರು. ಯಾವ ದೇಶದ ಹಡಗೇ ಆಗಲಿ, ಕರೆದರೆ ಆ ಕೇಂದ್ರವು ಉಚಿತವಾಗಿ ಸಲಹೆ ಕೊಡುತ್ತ ಬಂದಿದೆ. ಇನ್ನು 1958ರಲ್ಲಿ ಅಮೆರಿಕದ ಕರಾವಳಿ ರಕ್ಷಣಾ ಪಡೆಯು ಆರಂಭಿಸಿದ ‘ಆಮ್ವರ್’ ಎಂಬ ಏರ್ಪಾಡಿನಲ್ಲಿ, ಹಡಗುಗಳು ತಾವಿರುವ ಸ್ಥಳವನ್ನು ತಾವಾಗಿಯೇ ತಿಳಿಸುತ್ತಿರುತ್ತವೆ. ವೈದ್ಯರಿಲ್ಲದ ಸರಕಿನ ಹಡಗಿಗೆ ಸಮೀಪದಲ್ಲಿ ವೈದ್ಯರಿರುವ ಹಡಗು ಯಾವುದೆಂಬುದು ಇದರಿಂದ ಗೊತ್ತಾಗುತ್ತದೆ.

ಸಲಹೆಯಿಂದ ಸಾಲದೆ, ರೋಗಿಯನ್ನು ಇಳಿಸಲೇಬೇಕೆಂದಾದರೆ? ಹಡಗು ಗಂಟೆಗೆ ಇಪ್ಪತ್ತು ನಾವಿಕ ಮೈಲಿ, ಎಂದರೆ ಸುಮಾರು 37 ಕಿಲೋಮೀಟರ್ ಹೋಗುವುದೆನ್ನಿ. ಇಡೀ ಹಗಲಿರುಳು ಓಡಿದರೂ 900 ಕಿಲೋಮೀಟರ್ ದಾಟಲಾರದು. ಹೆಲಿಕಾಪ್ಟರಿಗೆ ವೇಗವುಂಟು, ಆದರೆ ಅದು ಹೋಗುವುದಕ್ಕೆ, ಹಡಗಿನ ಮೇಲೆ ನಿಂತಲ್ಲೇ ನಿಂತು ರೋಗಿಯನ್ನೆತ್ತುವುದಕ್ಕೆ, ಹಿಂದಿರುಗುವುದಕ್ಕೆ, ಈ ಮೂರಕ್ಕೂ ಸಾಲುವಷ್ಟು ಇಂಧನ ಬೇಕು. ಆದುದರಿಂದ ಮಹಾಸಾಗರದ ನಟ್ಟನಡುವೆ ಅದು ಮುಟ್ಟಲಾರದು. ಆಗ ಕಪ್ತಾನನು ಹಡಗನ್ನು ತಿರುಗಿಸಿ, ಹೆಲಿಕಾಪ್ಟರಿನ ಅಳವಿನೊಳಕ್ಕೆ ಬರುವವರೆಗೆ ದಡದ ಕಡೆಗೆ ಓಡಿಸಬೇಕಾಗುತ್ತದೆ.

ಹಗ್ಗದಿಂದ ಮನುಷ್ಯನನ್ನು ಎತ್ತುವ ಈ ವಿದ್ಯೆಗೆ ಅಷ್ಟೇನೂ ವಯಸ್ಸಾಗಿಲ್ಲ. 1945ರ ನವೆಂಬರ್ 29ರಂದು ಅಮೆರಿಕದ ಕನೆಕ್ಟಿಕಟ್ ತೀರದಲ್ಲಿ, ಬಿರುಗಾಳಿಗೆ ಸಿಕ್ಕಿ ಬಂಡೆಗೆ ತಗಲಿಕೊಂಡಿದ್ದ ಎಣ್ಣೆಯ ದೋಣಿಯಿಂದ ಇಬ್ಬರನ್ನು ಸಿಕೋರ್ಸ್ಕಿ ಕಂಪನಿಯ ಹೆಲಿಕಾಪ್ಟರ್ ಮೇಲೆತ್ತಿತು. ಅದನ್ನು ನಡೆಸಿದವರು ಜಿಮ್ಮಿ ವೈನರ್. ಇಂದಿಗೂ ಕೆಲಸ ಸುಲಭವಲ್ಲ. ಹಡಗು ಗಾಳಿಗೆ ತಕ್ಕ ದಿಕ್ಕನ್ನು ಹಿಡಿದು ಅಲುಗದಂತೆ ಸಾಗಬೇಕು. ಮೇಲ್ಮಾಳಿಗೆಯಲ್ಲಿ ಒಂದು ಕುರ್ಚಿಯೂ ಒಂದು ಬಟ್ಟೆಯೂ ಬಿಡಿಯಾಗಿ ಇರಕೂಡದು. ರೆಕ್ಕೆಯ ಗಾಳಿಗೆ ಅವು ಹಾರಿಬಿಡುತ್ತವೆ. ಇಳಿದುಬರುವ ಬುಟ್ಟಿಯನ್ನು, ಅದು ಹಡಗಿನ ಲೋಹವನ್ನು ತಾಗುವವರೆಗೆ ಯಾರೂ ಮುಟ್ಟಬಾರದು. ಹಾರಾಟದಲ್ಲಿ ಯಂತ್ರದ ಮೈಯಲ್ಲಿ ವಿದ್ಯುತ್ತು ಕೂಡಿಕೊಂಡಿರುತ್ತದೆ. ಎತ್ತುವ ಹಗ್ಗವನ್ನು ಹಡಗಿನ ಯಾವ ಭಾಗಕ್ಕೂ ಕಟ್ಟಬಾರದು. ಕಟ್ಟಿದರೆ ಹೆಲಿಕಾಪ್ಟರಿಗೇ ಸಂಚಕಾರ.

2019ರ ಮಾರ್ಚ್ 23ರಂದು ನಾರ್ವೆಯ ಹುಸ್ಟಾಡ್ವಿಕಾ ಎಂಬಲ್ಲಿ ‘ವೈಕಿಂಗ್ ಸ್ಕೈ’ ಎಂಬ ವಿಹಾರನೌಕೆಯ ಯಂತ್ರಗಳು ಬಿರುಗಾಳಿಯ ನಡುವೆ ನಿಂತುಹೋದವು. ಹಡಗಿನಲ್ಲಿ 1,373 ಮಂದಿ. ಇರುಳೆಲ್ಲ ಹೆಲಿಕಾಪ್ಟರುಗಳು ಸರದಿಯ ಮೇಲೆ ಬಂದು ಒಬ್ಬೊಬ್ಬರನ್ನಾಗಿ ಎತ್ತಿದರೂ, ಮರುದಿನ ಹಡಗು ಮೋಲ್ಡೆ ಬಂದರಿನ ಕಡೆಗೆ ಸಾಗುವ ಹೊತ್ತಿಗೆ ದಡ ಸೇರಿದವರು 479 ಮಂದಿ ಮಾತ್ರ. ನುರಿತವರ ಕೈಯಲ್ಲಿಯೂ ಇದು ಎಷ್ಟು ನಿಧಾನದ ಕೆಲಸವೆಂಬುದಕ್ಕೆ ಇದೇ ಸಾಕ್ಷಿ.

ನಮ್ಮ ಕಡಲೇನೂ ಅನಾಥವಾಗಿಲ್ಲ. 1979ರಲ್ಲಿ ಹ್ಯಾಂಬರ್ಗಿನಲ್ಲಿ ಆದ ಒಪ್ಪಂದದ ಮೇರೆಗೆ ಕಡಲಿನ ಒಂದೊಂದು ಭಾಗದ ಹೊಣೆಯನ್ನು ಒಂದೊಂದು ದೇಶವು ಹೊತ್ತಿದೆ. 2023ರ ಆಗಸ್ಟ್ 16ರ ರಾತ್ರಿ, ಚೀನಾದಿಂದ ಅರಬ್ ಸಂಸ್ಥಾನಗಳ ಕಡೆಗೆ ಹೊರಟಿದ್ದ ಸಂಶೋಧನೆಯ ಹಡಗೊಂದರಲ್ಲಿ ಒಬ್ಬನಿಗೆ ಹೃದಯದ ಬೇನೆ ಬಂದಿತೆಂದು ಮುಂಬಯಿಯ ರಕ್ಷಣಾ ಕೇಂದ್ರಕ್ಕೆ ಸುದ್ದಿ ಮುಟ್ಟಿತು. ದಡದಿಂದ ಸುಮಾರು 200 ಕಿಲೋಮೀಟರ್ ದೂರ, ಕಗ್ಗತ್ತಲೆ, ಕೆಟ್ಟ ಹವೆ. ನಮ್ಮ ಕರಾವಳಿ ರಕ್ಷಣಾ ಪಡೆಯ ಹೆಲಿಕಾಪ್ಟರ್ ಹೋಗಿ ಆತನನ್ನು ಎತ್ತಿತಂದಿತು. ಹೋದವರು ಆತನ ದೇಶ ಯಾವುದೆಂದು ಎಣಿಸಲಿಲ್ಲ. ತಮ್ಮ ಜೀವಕ್ಕೂ ಅಪಾಯವುಂಟೆಂದು ಅರಿತೇ ಹೋದರು. ಎತ್ತುವುದರಿಂದ ರೋಗಿಗಾಗುವ ಲಾಭವು ಎತ್ತುವುದರ ಅಪಾಯಕ್ಕಿಂತ ಹೆಚ್ಚೆಂದು ಖಚಿತವಾದ ಹೊರತು ಇಂಥ ಕೆಲಸಕ್ಕೆ ಕೈ ಹಾಕದಿರುವುದು ಅದಕ್ಕಾಗಿಯೇ.

ಇಷ್ಟನ್ನು ಕೇಳಿ ಉಪಾಧ್ಯಾಯರು, “ಹಾಗಾದರೆ ಭಯವಿಲ್ಲ ಬಿಡಿ, ಇವಳೂ ಜೊತೆಯಲ್ಲಿಯೇ ಇರುತ್ತಾಳಲ್ಲ” ಎಂದರು. ಆಗ ನಾನು ಹೇಳಲು ಹಿಂಜರಿಯುತ್ತಿದ್ದ ಮಾತನ್ನು ಹೇಳಲೇಬೇಕಾಯಿತು. ಹೆಲಿಕಾಪ್ಟರಿನಲ್ಲಿ ಜಾಗ ಕಡಮೆ, ಭಾರಕ್ಕೂ ಮಿತಿಯುಂಟು. ರೋಗಿಯ ಜೊತೆಗೆ ಹೆಂಡತಿಗೆ ಸ್ಥಳ ಸಿಕ್ಕೀತೆಂಬ ಭರವಸೆಯಿಲ್ಲ. ಗಂಡನು ಕತ್ತಲೆಯಲ್ಲಿ ಆಕಾಶಕ್ಕೇರುವಾಗ ಆಕೆ ಎರಡು ಪೆಟ್ಟಿಗೆಗಳೊಡನೆ ಹಡಗಿನಲ್ಲಿಯೇ ಉಳಿದು, ಮುಂದಿನ ಬಂದರಿನಲ್ಲಿ ಭಾಷೆ ತಿಳಿಯದ ಊರಿನಲ್ಲಿ ಇಳಿದು, ಆಸ್ಪತ್ರೆಯನ್ನು ಹುಡುಕಿಕೊಂಡು ಹೋಗಬೇಕಾದೀತು. ರಕ್ಷಣಾ ಪಡೆಯವರು ಹಲವು ದೇಶಗಳಲ್ಲಿ ಹಣ ಕೇಳುವುದಿಲ್ಲ. ಆದರೆ ದಡದ ಆಸ್ಪತ್ರೆಯ ಲೆಕ್ಕವೂ ರೋಗಿಯನ್ನು ಊರಿಗೆ ಮುಟ್ಟಿಸುವ ವಿಮಾನದ ಲೆಕ್ಕವೂ ಪ್ರಯಾಣಿಕನವೇ. ಅದಕ್ಕೆ ವಿಮೆ ಬೇಕು. ಹಳೆಯ ರೋಗವನ್ನು ಮುಚ್ಚಿಟ್ಟು ಬರೆದ ವಿಮೆಯು ಸಮಯಕ್ಕೆ ಕೈಕೊಡುತ್ತದೆ.

ಆದುದರಿಂದ ಪ್ರಯಾಣ ಹೊರಡುವವರು ಮೊದಲು ತಮ್ಮ ವೈದ್ಯರನ್ನು ಕಂಡು ಒಪ್ಪಿಗೆ ಪಡೆಯಲಿ. ರೋಗಗಳ, ಔಷಧಗಳ ಪಟ್ಟಿಯನ್ನೂ ಹಿಂದಿನ ಹೃದಯ ಪರೀಕ್ಷೆಯ ಕಾಗದವನ್ನೂ ಪಾಸ್‌ಪೋರ್ಟಿನೊಡನೆ ಒಂದೇ ಚೀಲದಲ್ಲಿಡಲಿ. ರೋಗಿಯನ್ನೆತ್ತುವಾಗ ಹುಡುಕಲು ಸಮಯವಿರುವುದಿಲ್ಲ. ಮಗನ ದೂರವಾಣಿ ಸಂಖ್ಯೆಯನ್ನು ಗಂಡಹೆಂಡಿರಿಬ್ಬರೂ ಬೇರೆಬೇರೆಯಾಗಿ ಬರೆದಿಟ್ಟುಕೊಳ್ಳಲಿ. ಎದೆ ಹಿಡಿದರೆ “ಬೆಳಗಾಗಲಿ, ನೋಡೋಣ” ಎನ್ನದೆ ಆ ಕ್ಷಣವೇ ಹಡಗಿನ ವೈದ್ಯರಿಗೆ ತಿಳಿಸಲಿ. ಸಂಜೆಗೆ ಹೆಲಿಕಾಪ್ಟರಿನ ಅಳವಿನಲ್ಲಿದ್ದ ಹಡಗು ಬೆಳಗಿಗೆ ಅದನ್ನು ದಾಟಿರಬಹುದು.

ಅಷ್ಟರಲ್ಲಿ ಆ ತಾಯಿ ಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದ ಕೇಳುತ್ತಿದ್ದರೋ ತಿಳಿಯದು. “ಮಗನಿಗೆ ಹೇಳಿಲ್ಲವಂತೇನು? ನಡೆಯಿರಿ ಮನೆಗೆ, ಈಗಲೇ ಹೇಳಿ. ಅವನು ಬೇಡವೆಂದರೆ ಮೈಸೂರಿಗೆ ಹೋಗಿ ಬಂದರಾಯಿತು” ಎಂದರು. ಉಪಾಧ್ಯಾಯರು ಮಾತನಾಡದೆ ಎದ್ದು ಚಪ್ಪಲಿ ಮೆಟ್ಟಿದರು.

ಮೊನ್ನೆ ಸಿಕ್ಕಿದ್ದರು. ಮಗನು ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ “ಮೊದಲು ಡಾಕ್ಟರರನ್ನು ನೋಡಿ ಅಪ್ಪ, ಹಡಗು ಎಲ್ಲಿಗೂ ಓಡಿಹೋಗುವುದಿಲ್ಲ” ಎಂದನಂತೆ. ನಾಳಿದ್ದು ಪರೀಕ್ಷೆಯಿದೆ.