ಡ್ರೈವರು ಸಿಗುವುದಿಲ್ಲವೆಂಬ ದೂರು

‘ಡ್ರೈವರು ಸಿಗುವುದಿಲ್ಲ’ ಎಂಬುದು ಈಗ ಲಾರಿ ಮಾಲೀಕರ ನಿತ್ಯದ ಮಾತಾಗಿದೆ. ಅದರ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ: ‘ಈಗಿನ ಹುಡುಗರಿಗೆ ಮೈ ಬಗ್ಗುವುದಿಲ್ಲ, ಊರಲ್ಲೇ ಕೂತು ಹದಿನೈದೋ ಇಪ್ಪತ್ತೋ ಸಾವಿರ ಎಣಿಸುವುದರಲ್ಲಿಯೇ ಅವರಿಗೆ ಸುಖ.’ ಮೊದಲನೆಯ ಮಾತು ನಿಜವಿರಬಹುದು. ನನ್ನ ತಕರಾರು ಎರಡನೆಯದರ ಮೇಲೆ. ಏಕೆಂದರೆ ಅದನ್ನು ಆಡುವವರು ಮಾಲೀಕರಷ್ಟೇ ಅಲ್ಲ. ಲಾರಿಯ ಬಾಗಿಲನ್ನು ಒಮ್ಮೆಯೂ ತೆರೆದು ನೋಡದ ನಾವು, ಭಾನುವಾರದ ಪತ್ರಿಕೆ ಓದುತ್ತ ಕಾಫಿ ಕುಡಿಯುವ ಮಂದಿ, ಅದಕ್ಕೆ ತಲೆದೂಗುತ್ತೇವೆ. ನಮ್ಮ ಅಧ್ಯಾಪಕರ ಕೋಣೆಯಲ್ಲಿಯೂ ಈ ತಲೆದೂಗುವುದನ್ನು ನಾನು ಕಂಡಿದ್ದೇನೆ.

ಕನ್ನಡ ಮೇಷ್ಟರಿಗೆ ಲಾರಿಯ ಉಸಾಬರಿ ಏತಕ್ಕೆ ಎಂದು ಕೇಳುವವರುಂಟು. ನಾನಿರುವ ದಾವಣಗೆರೆ ಹೆದ್ದಾರಿಯ ಊರು. ಬೆಂಗಳೂರಿನಿಂದ ಮುಂಬಯಿಗೆ ಹೋಗುವ ದಾರಿ, ಹಿಂದೆ 4ನೆಯ ಸಂಖ್ಯೆಯದು, ಈಗ 48ನೆಯದು, ತುಮಕೂರು ಚಿತ್ರದುರ್ಗಗಳನ್ನು ಹಾದು ನಮ್ಮ ಮಗ್ಗುಲಲ್ಲಿಯೇ ಸಾಗಿ ಹಾವೇರಿ, ಹುಬ್ಬಳ್ಳಿ, ಬೆಳಗಾವಿಗಳತ್ತ ಹೋಗುತ್ತದೆ. ಲಾರಿ ಡ್ರೈವರುಗಳ ಮಕ್ಕಳು ಪ್ರತಿ ವರ್ಷವೂ ನನ್ನ ತರಗತಿಯ ಬೆಂಚುಗಳ ಮೇಲೆ ಕೂರುತ್ತಾರೆ. ತಂದೆಯ ಸಹಿ ಬೇಕೆಂದರೆ ‘ಅಪ್ಪ ಗಾಡೀಲಿದಾರೆ ಸಾರ್, ಬಂದ ಮೇಲೆ ಹಾಕಿಸಿಕೊಂಡು ಬರ್ತೀನಿ’ ಎನ್ನುತ್ತಾರೆ. ಎಂದು ಬರುತ್ತಾರೆಂಬುದು ಮನೆಯಲ್ಲಿ ಯಾರಿಗೂ ತಿಳಿದಿರುವುದಿಲ್ಲ. ಇಷ್ಟು ಸಾಕು, ನನಗೆ ಈ ಉಸಾಬರಿ ಇರುವುದಕ್ಕೆ.

ಇವರಲ್ಲೊಬ್ಬ ಬಿ.ಎ. ಮುಗಿಸಿ, ಕೆಲಸ ಹುಡುಕಿ ಬೇಸತ್ತು, ಹೆವಿ ಲೈಸೆನ್ಸು ಮಾಡಿಸಿಕೊಂಡು, ಅಪ್ಪನ ಮಾಲೀಕರ ಬಳಿಯೇ ಲಾರಿ ಹತ್ತಿದ. ಎರಡು ವರ್ಷ ಮುಂಬಯಿ, ಪುಣೆ, ಸೂರತ್ತು ಎಂದು ತಿರುಗಿದ. ಆಮೇಲೆ ಒಂದು ದಿನ ಅದನ್ನು ಬಿಟ್ಟು ಊರಿನಲ್ಲಿಯೇ ಹಾಲಿನ ವ್ಯಾನು ನಡೆಸುವುದಕ್ಕೆ ಸೇರಿಕೊಂಡ. ಬೆಳಗಿನ ಜಾವ ಮೂರಕ್ಕೆ ಎದ್ದರೆ ಹನ್ನೊಂದಕ್ಕೆ ಮನೆ. ಅಪ್ಪನಿಗೆ ಇದು ಹಿಡಿಸಲಿಲ್ಲ. ‘ಮೇಷ್ಟ್ರೇ, ನೀವೇ ಇವನಿಗೆ ನಾಲ್ಕು ಬುದ್ಧಿ ಹೇಳಿ. ಹಾಲಿನ ವ್ಯಾನು ಹೊಡ್ದು ಇವನು ಮನೆ ಕಟ್ಟಿಸ್ತಾನಾ?’ ಎಂದು ನನ್ನ ಬಳಿಗೆ ಕರೆತಂದ. ಹುಡುಗ ವಾದಿಸಲಿಲ್ಲ, ಜೇಬಿನಿಂದ ಒಂದು ಚೀಟಿ ತೆಗೆದ. ನಾನು ಹಳಗನ್ನಡ ಕಲಿಸಿದವನು. ಅಂಕಗಣಿತವನ್ನು ಅಂದು ಅವನಿಂದ ನಾನೇ ಕಲಿಯಬೇಕಾಯಿತು.

ಲಾರಿಯಲ್ಲಿ ಅವನಿಗೆ ಸಂಬಳ, ಬಾಟಾ ಎಲ್ಲ ಸೇರಿ ತಿಂಗಳಿಗೆ 30,000 ರೂಪಾಯಿ ಬರುತ್ತಿತ್ತು. ವ್ಯಾನಿನಲ್ಲಿ ಬರುವುದು 18,000. ಹನ್ನೆರಡು ಸಾವಿರ ನಷ್ಟ ಎಂದು ಯಾರಾದರೂ ಹೇಳುತ್ತಾರೆ. ಅಪ್ಪನೂ ಹಾಗೆಯೇ ಹೇಳಿದ. ಆದರೆ ಲಾರಿಯಲ್ಲಿದ್ದಾಗ ತಿಂಗಳಿಗೆ 24 ದಿನ ಅವನು ಮನೆಯ ಹೊರಗೆ. ಚಕ್ರ ತಿರುಗುವ ಹೊತ್ತು, ಲೋಡಿಗೆ ಕಾಯುವ ಹೊತ್ತು, ಟಾರ್ಪಾಲು ಕಟ್ಟುವ ಬಿಚ್ಚುವ ಹೊತ್ತು ಎಲ್ಲ ಕೂಡಿಸಿ ದಿನಕ್ಕೆ 14 ಗಂಟೆ ಎಂದು ಅವನು ಬರೆದಿದ್ದ. ಅಲ್ಲಿಗೆ 336 ಗಂಟೆ. ಗಂಟೆಗೆ 89 ರೂಪಾಯಿ. ವ್ಯಾನಿನಲ್ಲಿ 26 ದಿನ, ದಿನಕ್ಕೆ 8 ಗಂಟೆ, ಒಟ್ಟು 208. ಗಂಟೆಗೆ ಎಂಬತ್ತಾರು ಚಿಲ್ಲರೆ. ವ್ಯತ್ಯಾಸ ಮೂರು ರೂಪಾಯಿಯೂ ಇಲ್ಲ. ಇನ್ನು, ಹೋಟೆಲು ಡಾಬಾಗಳಲ್ಲಿ ದಿನಕ್ಕೆ 250 ರೂಪಾಯಿಯಂತೆ ಉಂಡರೆ ಆರು ಸಾವಿರ ಅಲ್ಲಿಯೇ ಕರಗುತ್ತದೆ. ಆಗ ಗಂಟೆಯ ಬೆಲೆ 71ಕ್ಕೆ ಇಳಿಯುತ್ತದೆ. ಉಳಿದ ಹತ್ತು ಗಂಟೆ ಲಾರಿಯಲ್ಲಿಯೇ ಮಲಗಿ ಡೀಸೆಲು ಕಳುವಾಗದಂತೆ, ಹಗ್ಗ ಕೊಯ್ಯದಂತೆ ಕಾಯುವ ಕೆಲಸಕ್ಕೆ ಅವನು ಬೆಲೆಯನ್ನೇ ಕಟ್ಟಿರಲಿಲ್ಲ. ‘ಅದನ್ನೂ ಹಾಕಿದ್ರೆ ಅಪ್ಪಂಗೆ ಬೇಜಾರಾಗುತ್ತೆ ಸಾರ್’ ಎಂದ.

ಈ ಚೀಟಿಯನ್ನು ಕಂಡ ಮೇಲೂ ಅವನನ್ನು ಸೋಮಾರಿ ಎನ್ನುವವರ ಬಾಯಿಗೆ ನಾನು ಏನೆಂದು ಉತ್ತರ ಕೊಡಲಿ! ನಾಲ್ಕು ಕಾಸು ಲೆಕ್ಕ ಹಾಕಿ ಕೆಲಸ ಆರಿಸಿಕೊಳ್ಳುವುದನ್ನು ನಮ್ಮ ಮಕ್ಕಳು ಮಾಡಿದರೆ ಜಾಣತನವೆನ್ನುತ್ತೇವೆ.

ನಮ್ಮ ಮಕ್ಕಳ ಮಾತು ಬಂದದ್ದರಿಂದ ಹೇಳುತ್ತೇನೆ. ಮಗ ಅಮೆರಿಕದಲ್ಲಿದ್ದಾನೆ, ಮೂರು ವರ್ಷವಾಯಿತು ಊರಿಗೆ ಬಂದು ಎಂದು ಹೇಳುವಾಗ ನಮ್ಮ ಕಣ್ಣಿನಲ್ಲಿ ನೀರಿದ್ದರೂ ದನಿಯಲ್ಲಿ ಹೆಮ್ಮೆಯಿರುತ್ತದೆ. ಆದ್ದರಿಂದ ದೂರವೆಂಬುದೇ ಕೆಟ್ಟದ್ದೆಂದು ನಾನು ವಾದಿಸಲು ಹೊರಟಿಲ್ಲ. ಆ ಮಗ ವಿಮಾನ ಹತ್ತುವ ಮೊದಲೇ ಅವನ ರಜೆ ಎಷ್ಟು, ಕೆಲಸದ ವೇಳೆ ಎಷ್ಟು, ಕಾಯಿಲೆ ಬಿದ್ದರೆ ಯಾರು ನೋಡುತ್ತಾರೆ ಎಂಬುದೆಲ್ಲ ಕಾಗದದ ಮೇಲೆ ಬಂದಿರುತ್ತದೆ. ಅವನ ದೂರಕ್ಕೆ ಬೆಲೆಯುಂಟು. ಲಾರಿಯವನ ದೂರವನ್ನು ಮಾತ್ರ ಪುಕ್ಕಟೆಯಾಗಿ ಕೊಳ್ಳುತ್ತೇವೆ. ಮಹಾರಾಷ್ಟ್ರದ ಈರುಳ್ಳಿ ಅಗ್ಗವಾಗಿ ಸಿಕ್ಕಿತೆಂದು ಮನೆಗೆ ತರುವ ನಾವೂ ಆ ಕೊಳ್ಳುವವರಲ್ಲಿ ಸೇರಿದ್ದೇವೆ.

ಕಾಯಿದೆ ಇಲ್ಲವೇ ಎಂದರೆ, ಇತ್ತು. 1961ರಲ್ಲಿ ನಮ್ಮ ಸಂಸತ್ತು ಮೋಟಾರು ಸಾರಿಗೆ ಕೆಲಸಗಾರರಿಗಾಗಿಯೇ ಒಂದು ಕಾಯಿದೆ ಮಾಡಿತು. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ. ದೂರದ ದಾರಿಯಾದರೆ ಅಧಿಕಾರಿಯ ಒಪ್ಪಿಗೆ ಪಡೆದು 10 ಗಂಟೆ, ವಾರಕ್ಕೆ 54. ಐದು ಗಂಟೆ ಕೆಲಸ ಮಾಡಿದವನಿಗೆ ಅರ್ಧ ಗಂಟೆಯಾದರೂ ಬಿಡುವು. ಓದಲು ಬಲು ಚೆಂದ. ಆದರೆ ಐವರು ಅಥವಾ ಹೆಚ್ಚು ಮಂದಿ ಕೆಲಸಗಾರರಿದ್ದ ಸಂಸ್ಥೆಗೆ ಮಾತ್ರ ಅದು ಅನ್ವಯಿಸುತ್ತಿತ್ತು. ಒಂದೋ ಎರಡೋ ಲಾರಿ ಇಟ್ಟುಕೊಂಡವನ ಮನೆಯ ಹೊಸ್ತಿಲನ್ನು ಅದು ದಾಟಲಾರದು. ನಮ್ಮಲ್ಲಿ ಅಂಥ ಮಾಲೀಕರು ಬಹಳ. ಅದಕ್ಕಿಂತ ಸೋಜಿಗದ ಸಂಗತಿ ‘ಕೆಲಸದ ವೇಳೆ’ ಎಂಬ ಮಾತಿಗೆ ಆ ಕಾಯಿದೆ ಕೊಟ್ಟ ಅರ್ಥ. ವಾಹನ ಓಡುವ ಹೊತ್ತು ಸೇರಿತು. ಅದಕ್ಕೆ ಅಂಟಿಕೊಂಡ ಚಿಲ್ಲರೆ ಕೆಲಸದ ಹೊತ್ತೂ ಸೇರಿತು. ದಾರಿಯ ಕೊನೆಯಲ್ಲಿ ಬರಿದೇ ಹಾಜರಿರುವ ಹೊತ್ತು ಮಾತ್ರ, ಅದು 15 ನಿಮಿಷಕ್ಕಿಂತ ಕಡಿಮೆಯಿದ್ದರೆ, ಸೇರಿತು. ಹದಿನಾಲ್ಕು ನಿಮಿಷ ಕಾದರೆ ಕೆಲಸ! ಎರಡು ದಿನ ಕಾದರೆ? ಗೋದಾಮಿನ ಗೇಟಿನ ಹೊರಗೆ, ನೀರಿಲ್ಲದೆ, ನೆರಳಿಲ್ಲದೆ, ಸರದಿ ಬಂದಾಗ ತಾನಿಲ್ಲದಿದ್ದರೆ ಹಿಂದಿನವನಿಗೆ ಹೋಗುತ್ತದೆಂಬ ಭಯದಲ್ಲಿ ಎರಡು ದಿನ ಕಾಯುವುದನ್ನು ಏನೆನ್ನಬೇಕು? ನಮ್ಮ ನಿಘಂಟುಗಳಲ್ಲಿ ಅದಕ್ಕೆ ‘ವಿರಾಮ’ ಎಂಬ ಪದವನ್ನು ನಾನಂತೂ ಸೂಚಿಸಲಾರೆ. ಆ ಹಳೆಯ ಕಾಯಿದೆಯನ್ನು ಈಗ 2020ರ ಹೊಸ ಕಾರ್ಮಿಕ ಸಂಹಿತೆಯೊಂದು ತನ್ನೊಳಕ್ಕೆ ತೆಗೆದುಕೊಂಡಿದೆ. ಹೆಸರು ಬದಲಾದದ್ದರಿಂದ ಗೋದಾಮಿನ ಗೇಟು ಬೇಗ ತೆರೆಯುತ್ತದೆಂದು ನಂಬಲು ನನಗೆ ಧೈರ್ಯವಿಲ್ಲ.

ಇನ್ನೊಂದು ನಿಯಮವಿತ್ತು. ನ್ಯಾಷನಲ್ ಪರ್ಮಿಟ್ಟಿನ ಲಾರಿಯಲ್ಲಿ ಇಬ್ಬರು ಚಾಲಕರಿರಬೇಕು. ಒಬ್ಬ ನಡೆಸುವಾಗ ಇನ್ನೊಬ್ಬ ಕಾಲು ಚಾಚಿ ಮಲಗಲು ಹಿಂದೆ ಅಡ್ಡಲಾಗಿ ಒಂದು ಆಸನವಿರಬೇಕು. ಎಷ್ಟು ಮಾನವೀಯವಾದ ಕಲ್ಪನೆ! ಆಸನವೇನೋ ಬಂತು, ಮಲಗುವ ಎರಡನೆಯವನು ಬಹುಪಾಲು ಕಾಗದದಲ್ಲಿಯೇ ಉಳಿದ. 2018ರ ತಿದ್ದುಪಡಿಯಲ್ಲಿ ಆ ಷರತ್ತನ್ನೂ ಕೈಬಿಟ್ಟರು. ಪಾಲಿಸದ ನಿಯಮವನ್ನು ಪಾಲಿಸುವಂತೆ ಮಾಡುವುದಕ್ಕಿಂತ ಅಳಿಸುವುದು ಸುಲಭವೆಂಬುದನ್ನು ಸರ್ಕಾರಕ್ಕೆ ಯಾರೂ ಕಲಿಸಬೇಕಾಗಿಲ್ಲ. ಕ್ಲೀನರನೂ ಈಗ ಅಪರೂಪ. ಹೀಗಾಗಿ ರಾತ್ರಿ ಎರಡು ಗಂಟೆಗೆ ಖಂಬಾಟ್ಕಿ ಘಾಟಿನಲ್ಲಿ ಲೋಡು ಲಾರಿ ಇಳಿಸುವವನಿಗೆ ‘ನಿದ್ದೆ ಬಂತೇನಣ್ಣ?’ ಎಂದು ಕೇಳುವ ಜೀವವೂ ಪಕ್ಕದಲ್ಲಿಲ್ಲ.

ಮಾಲೀಕರ ಪಕ್ಷದಲ್ಲಿಯೂ ಹೇಳತಕ್ಕದ್ದುಂಟು. ದಾರಿ ಅಗಲವಾಗಿದೆ. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಬಂದ ಮೇಲೆ ರಾಜ್ಯಗಳ ಗಡಿಯಲ್ಲಿದ್ದ ಮಾರಾಟ ತೆರಿಗೆಯ ಚೆಕ್‌ಪೋಸ್ಟುಗಳು ಎದ್ದುಹೋದವು. ನಿಪ್ಪಾಣಿಯ ಆಚೆ ಮೈಲುದ್ದ ನಿಲ್ಲುತ್ತಿದ್ದ ಲಾರಿಗಳ ಸಾಲನ್ನು ಹಳೆಯ ಡ್ರೈವರುಗಳು ಈಗ ಕಥೆಯಂತೆ ಹೇಳುತ್ತಾರೆ. 2025ರ ಅಕ್ಟೋಬರಿನಿಂದ ಹೊಸದಾಗಿ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್ನಿಗೆ ಹವಾನಿಯಂತ್ರಣ ಕಡ್ಡಾಯವಾಗಿದೆ. ಇವನ್ನು ಅಲ್ಲಗಳೆಯುವವನು ನಾನಲ್ಲ. ಆದರೆ ಗಡಿಯಲ್ಲಿ ಉಳಿದ ಆ ಹೊತ್ತು ಯಾರ ಪಾಲಾಯಿತು? ಡ್ರೈವರು ಅಷ್ಟು ಬೇಗ ಮನೆಗೆ ಬಂದನೇ? ಇಲ್ಲ, ಲಾರಿ ತಿಂಗಳಿಗೆ ಇನ್ನೊಂದು ಟ್ರಿಪ್ಪು ಹೆಚ್ಚು ಹೋಯಿತು. ತಂಪು ಕ್ಯಾಬಿನ್ನು ಒಳ್ಳೆಯದೇ. ಅದರಲ್ಲಿ ಕೂತು ಹದಿನಾಲ್ಕು ಗಂಟೆಗೆ ಬದಲು ಹದಿನಾರು ಗಂಟೆ ಓಡಿಸಬಹುದಲ್ಲ ಎಂಬ ಲೆಕ್ಕ ಯಾರ ತಲೆಗೂ ಬರದಿದ್ದರೆ ಸಾಕು.

‘ದೂರ ಹೋಗಿ ದುಡಿಯುವುದು ನಮ್ಮ ನಾಡಿಗೆ ಹೊಸದೇ?’ ಎಂದು ನನ್ನ ಸಹೋದ್ಯೋಗಿಯೊಬ್ಬರು, ಚರಿತ್ರೆಯ ಅಧ್ಯಾಪಕರು, ಕೇಳಿದರು. ಹೊಸದಲ್ಲ. ಐಹೊಳೆಯ ಐನೂರ್ವರೆಂಬ ವರ್ತಕ ಸಂಘದ ಹೆಸರು ಶಾಸನಗಳಲ್ಲಿ ತುಂಬಿದೆ. ಅವರ ಸರಕು ದಕ್ಷಿಣ ದೇಶವನ್ನೆಲ್ಲ ಸುತ್ತಿತು. ಲಂಬಾಣಿಗರು ಹೇರೆತ್ತುಗಳ ಮೇಲೆ ಉಪ್ಪು, ಧಾನ್ಯ ಹೊತ್ತು ಘಟ್ಟ ಹತ್ತಿ ಇಳಿದವರು. ಆದರೆ ಲಂಬಾಣಿಗರು ಹೊರಟಾಗ ತಾಂಡಾ ಕೂಡ ಹೊರಡುತ್ತಿತ್ತು ಎಂಬುದನ್ನು ನನ್ನ ಮಿತ್ರರು ಮರೆತರು. ಹೆಂಡಿರು, ಮಕ್ಕಳು, ನಾಯಿ, ಹಾಡು ಎಲ್ಲವೂ ಎತ್ತಿನ ಜತೆಗಿದ್ದವು. ಮಗು ಹುಟ್ಟಿದರೆ ಅಪ್ಪ ಅಲ್ಲಿಯೇ ಇರುತ್ತಿದ್ದ. ಈಗಿನವನು ಮಗುವಿನ ಮುಖವನ್ನು ಮೊಬೈಲಿನಲ್ಲಿ ಕಾಣುತ್ತಾನೆ. ಅದೂ ಸಿಗ್ನಲ್ಲು ಇರುವ ಕಡೆ ನಿಲ್ಲಿಸಲು ಎಡೆಯಿದ್ದರೆ.

ಹುಡುಗನ ಅಪ್ಪನ ಮಾತನ್ನು ಮಾತ್ರ ನಾನು ಹಗುರವಾಗಿ ಕಾಣಲಾರೆ. ಮೂವತ್ತು ವರ್ಷ ಲಾರಿ ನಡೆಸಿದವನು. ವ್ಯಾಕರಣವಿಲ್ಲದೆ ಮರಾಠಿ, ಹಿಂದಿ, ಗುಜರಾತಿಗಳನ್ನು ಕಲಿತವನು; ನಾನು ಎಂ.ಎ. ಮಾಡಿಯೂ ಹೊಂದಿಲ್ಲದ ಸಂಪತ್ತು ಅದು. ‘ದಾರೀಲಿ ನನ್ನ ಜಾತಿ ಯಾರೂ ಕೇಳಲಿಲ್ಲ ಮೇಷ್ಟ್ರೇ. ಊರಲ್ಲಿ ಹೋಟೆಲ್ಲಿಗೆ ಹೋದ್ರೆ ಇಂಥವರ ಮಗ ಅಂತ ಮೊದಲು ನೋಡ್ತಿದ್ರು’ ಎಂದ. ಊರು, ಮನೆ, ನೆರೆಹೊರೆ ಎಂದು ಹಂಬಲಿಸಿ ಬರೆಯುವ ನಾವು ಈ ಮಾತಿನ ಮುಂದೆ ಸ್ವಲ್ಪ ಹೊತ್ತು ಸುಮ್ಮನಿರುವುದು ಲೇಸು. ಊರ ಕೆಲಸ ಗಟ್ಟಿಯೆಂದೂ ಅವನು ನಂಬುವುದಿಲ್ಲ. ದಾವಣಗೆರೆಯ ಹತ್ತಿಯ ಗಿರಣಿಗಳು ಮುಚ್ಚಿದ್ದನ್ನು ಅವನು ಕಂಡಿದ್ದಾನೆ. ಅವನ ತಮ್ಮ ಮನೆಗೆ ಹತ್ತಿರವೆಂದು ಸಾಲ ಮಾಡಿ ಲಾರಿ ಕೊಂಡು ಸಂಡೂರಿನ ಅದಿರು ಹೊಡೆದ. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿದಾಗ ಲಾರಿ ಮನೆಯ ಮುಂದೆ ನಿಂತಿತು, ಆಮೇಲೆ ಸಾಲ ಕೊಟ್ಟವರು ಎಳೆದುಕೊಂಡು ಹೋದರು. ಹಾಲಿನ ವ್ಯಾನೂ ಗುತ್ತಿಗೆಯದೇ. ಗುತ್ತಿಗೆದಾರ ಬದಲಾದರೆ ಹುಡುಗನ ಗತಿ ಏನೆಂಬ ಅಪ್ಪನ ಪ್ರಶ್ನೆಗೆ ಚೀಟಿಯಲ್ಲಿ ಉತ್ತರವಿರಲಿಲ್ಲ.

ಆದರೂ ನಾನು ಹುಡುಗನ ಪಕ್ಷವನ್ನೇ ಹಿಡಿದೆ. ಅಪ್ಪ ಮನೆ ಕಟ್ಟಿಸಿದ್ದು ನಿಜ. ಮೂರು ಕೋಣೆಯ ಆ ಮನೆಯಲ್ಲಿ ಅವನು ಮಲಗಿದ ರಾತ್ರಿಗಳು ಎಷ್ಟು ಎಂದು ಅವನ ಹೆಂಡತಿಯನ್ನು ಕೇಳಬೇಕು. ಅಪ್ಪನ ಮಾತಿನಲ್ಲಿರುವ ದಾರಿಯ ಸ್ವಾತಂತ್ರ್ಯ ಎಲ್ಲವೂ ಅವನು ತರುಣನಾಗಿದ್ದಾಗಿನದು. ಆಗ ಹಾದಿಯಲ್ಲಿ ಎಲ್ಲಿ ನಿಲ್ಲುವುದು ಅವನ ಇಚ್ಛೆ. ಈಗ ಲಾರಿಯಲ್ಲಿ ಕೂರಿಸಿರುವ ಯಂತ್ರ ಅರ್ಧ ಗಂಟೆ ನಿಂತರೂ ಆಫೀಸಿಗೆ ಹೇಳುತ್ತದೆ. ಏಕೆ ನಿಂತೆ ಎಂದು ಫೋನು ಬರುತ್ತದೆ. ಗೋದಾಮಿನ ಗೇಟಿನಲ್ಲಿ ಎರಡು ದಿನ ನಿಂತರೆ ಮಾತ್ರ ಯಾರ ಫೋನೂ ಬರುವುದಿಲ್ಲ. ಇದನ್ನು ಹೇಳಿದಾಗ ಅಪ್ಪನಿಗೂ ನಗು ಬಂತು.

ಹಾಗಾದರೆ ಲಾರಿ ನಡೆಸುವವರು ಯಾರು? ಎಲ್ಲರೂ ಹಾಲಿನ ವ್ಯಾನು ಹತ್ತಿದರೆ ಮುಂಬಯಿಯ ಸರಕು ಮುಂಬಯಿಯಲ್ಲಿಯೇ ಉಳಿಯುತ್ತದೆ. ಇದಕ್ಕೆ ಉತ್ತರವನ್ನು ಬಹಳ ದೂರ ಹುಡುಕಬೇಕಾಗಿಲ್ಲ. ನಮ್ಮ ರೈಲ್ವೆ ನಿಲ್ದಾಣದಲ್ಲಿ ನಿಂತು ನೋಡಿದರೆ ಸಾಕು. ಬೆಂಗಳೂರಿನಿಂದ ದೆಹಲಿಗೆ ಹೊರಟ ರೈಲನ್ನು ಒಬ್ಬನೇ ಚಾಲಕ ದೆಹಲಿಯವರೆಗೂ ನಡೆಸುವುದಿಲ್ಲ. ನಡುನಡುವೆ ಇಳಿಯುತ್ತಾನೆ, ಇನ್ನೊಬ್ಬ ಹತ್ತುತ್ತಾನೆ. ಹಿಂದಿನ ಅಂಚೆಯ ಕುದುರೆಗಳಿಗೂ ಈ ಉಪಚಾರವಿತ್ತು. ದಾವಣಗೆರೆಯಿಂದ ಹುಬ್ಬಳ್ಳಿಗೆ ಸುಮಾರು 150 ಕಿಲೋಮೀಟರು. ಇಲ್ಲಿಯ ಚಾಲಕ ಉತ್ತರಕ್ಕೆ ಹೋಗುವ ಲಾರಿಯನ್ನು ಹುಬ್ಬಳ್ಳಿಗೆ ಮುಟ್ಟಿಸಿ, ಅಲ್ಲಿ ದಕ್ಷಿಣಕ್ಕೆ ಬರುವ ಲಾರಿಯನ್ನು ಹಿಡಿದು ಮರಳಿದರೆ ರಾತ್ರಿ ಊಟ ಮನೆಯಲ್ಲಿ. ಹತ್ತಾರು ಲಾರಿಗಳಿರುವ ಸಂಸ್ಥೆ ತಾನೇ ಇದನ್ನು ಮಾಡಬಹುದು. ಒಂದೊಂದು ಲಾರಿಯವರು ಸಂಘ ಕಟ್ಟಿ ಮಾಡಬಹುದು. ನಾನು ಈ ಮಾತೆತ್ತಿದಾಗ ನಮ್ಮ ಊರಿನ ಮಾಲೀಕರೊಬ್ಬರು ನಕ್ಕರು. ‘ಸ್ವಾಮಿ, ಲಾರಿ ಒಬ್ಬನ ಕೈಯಲ್ಲಿದ್ದರೆ ಜೋಪಾನ. ಹತ್ತು ಕೈ ಬಿದ್ದರೆ ಗೇರು ಬಾಕ್ಸು ಉಳಿಯುತ್ತದೆಯೇ?’

ಗೇರು ಬಾಕ್ಸಿನ ಮೇಲಿರುವ ಈ ಕಳಕಳಿಗೆ ನನ್ನ ಆಕ್ಷೇಪವಿಲ್ಲ. ಹಾಗಿದ್ದರೆ ಮಾಲೀಕರು ಇನ್ನೊಂದು ಕೆಲಸವನ್ನಾದರೂ ಮಾಡಲಿ. ಟ್ರಿಪ್ ಶೀಟಿನಲ್ಲಿ ಡೀಸೆಲಿಗೆ, ಟೋಲಿಗೆ, ಹಮಾಲಿಗೆ ಕಲಮುಗಳಿವೆ. ಅವುಗಳ ಪಕ್ಕದಲ್ಲಿ ‘ಕಾದ ಗಂಟೆ’ ಎಂಬ ಒಂದು ಕಲಮನ್ನು ಹಾಕಿ, ಅದಕ್ಕೊಂದು ದರವನ್ನು ನಿಗದಿ ಮಾಡಿ, ಆ ದುಡ್ಡನ್ನು ಸರಕು ಇಳಿಸಿಕೊಳ್ಳುವ ಕಂಪನಿಯಿಂದಲೇ ಕೀಳಲಿ. ಗೇಟಿನ ಹೊರಗೆ ಲಾರಿ ನಿಲ್ಲಿಸಿಕೊಳ್ಳುವುದಕ್ಕೆ ಗಂಟೆಗೆ ಇಷ್ಟೆಂದು ಬಿಲ್ಲು ಬಂದ ದಿನ ಆ ಗೇಟು ಎಷ್ಟು ಬೇಗ ತೆರೆಯುತ್ತದೆಂಬುದನ್ನು ನೋಡಲು ನನಗೂ ಕುತೂಹಲವಿದೆ. ಹುಡುಗ ತನ್ನ ಚೀಟಿಯನ್ನು ನನ್ನ ಮೇಜಿನ ಮೇಲೆಯೇ ಬಿಟ್ಟುಹೋಗಿದ್ದಾನೆ. ಯಾವ ಮಾಲೀಕರಿಗಾದರೂ ಬೇಕಿದ್ದರೆ ಅದರ ನಕಲನ್ನು ಕಳುಹಿಸಿಕೊಡುತ್ತೇನೆ. ಅಂಚೆಯ ವೆಚ್ಚ ನನ್ನದು.