ಜಾಹೀರಾತಿನ ಹೊಣೆ ಯಾರದು?

ಜಾಹೀರಾತು ಹಣ ತೆತ್ತವನ ಮಾತು, ಅದರ ಹೊಣೆ ತಮ್ಮದಲ್ಲ ಎಂದು ಪತ್ರಿಕೆಗಳ ಒಡೆಯರು ಹೇಳುವುದುಂಟು. ಈ ಸಮಾಧಾನವನ್ನು ಒಪ್ಪುವ ಮುನ್ನ, ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಅಮೆರಿಕದಲ್ಲಿ ನಡೆದ ಔಷಧವ್ಯಾಪಾರದ ವೃತ್ತಾಂತವನ್ನು ವಾಚಕರು ಕೊಂಚ ಪರಿಶೀಲಿಸಬೇಕು.

ಆಗ ಅಲ್ಲಿ ‘ಪೆರೂನ’ ಎಂಬ ಔಷಧವು ಮನೆಮಾತಾಗಿತ್ತು. ಅದರ ಕರ್ತೃವಾದ ಡಾಕ್ಟರ್ ಹಾರ್ಟ್‌ಮನ್ನನ ಮತದಲ್ಲಿ ರೋಗಗಳೆಲ್ಲವೂ ಶ್ಲೇಷ್ಮದ ವಿಕಾರಗಳೇ; ಅಜೀರ್ಣವೆಂದರೆ ಹೊಟ್ಟೆಯ ಶ್ಲೇಷ್ಮ. ಸೀಸೆಯಲ್ಲಿದ್ದುದು ನೂರಕ್ಕೆ ಸುಮಾರು 28 ಪಾಲು ಮದ್ಯಸಾರ. ಅಗ್ನಿಮಾಂದ್ಯಕ್ಕೆಂದು ಮಾರುತ್ತಿದ್ದ ಹಾಸ್ಟೆಟರನ ಕಹಿಮದ್ದಿನಲ್ಲಿ ಅದಕ್ಕಿಂತಲೂ ಹೆಚ್ಚು. ಹೆಂಡದಂಗಡಿಯ ನೆರಳನ್ನು ಸಹ ತುಳಿಯದ ಗೃಹಿಣಿಯರು ಇವನ್ನು ಚಮಚೆಯಲ್ಲಿ ಅಳೆದು ಭಕ್ತಿಯಿಂದ ಸೇವಿಸಿದರು! ಕಡೆಗೆ 1905ರಲ್ಲಿ ಕಂದಾಯದ ಇಲಾಖೆಯು, ಇನ್ನಷ್ಟು ಮದ್ದು ಬೆರಸದಿದ್ದರೆ ಪೆರೂನ ಮಾರುವವರು ಮದ್ಯದ ಲೈಸೆನ್ಸು ಪಡೆಯಬೇಕೆಂದು ಸಾರಿತು. ತಯಾರಕರು ಭೇದಿಮದ್ದನ್ನು ಬೆರಸಿ ಪಾರಾದರು.

ವ್ಯಸನ ಬಿಡಿಸುವವರ ವ್ಯಾಪಾರ ಇನ್ನೂ ಘೋರವಾದುದು. ಮಾರ್ಫಿಯದ ಚಟಕ್ಕೆ ಪರಿಹಾರವೆಂದು ಮಾರಿದ ‘ಹ್ಯಾಬಿಟಿನ’ದಲ್ಲಿ ಇದ್ದುದು ಮಾರ್ಫಿಯ ಮತ್ತು ಹೆರಾಯಿನ್. ಅಂತಹ ಅಂಗಡಿಗೆ ಗಿರಾಕಿ ತಪ್ಪುವುದೆಲ್ಲಿ ಬಂತು? ಸಿನ್ಸಿನಾಟಿಯ ಹೇನ್ಸ್ ಎಂಬವನ ‘ಗೋಲ್ಡನ್ ಸ್ಪೆಸಿಫಿಕ್’ ಎಂಬ ಪುಡಿಯನ್ನು ಕುಡುಕನಿಗೆ ತಿಳಿಯದಂತೆ ಕಾಫಿಯಲ್ಲಿ ಬೆರಸಿ ಕೊಡಬಹುದೆಂದು ಅವನ ಹೆಂಡತಿಗೆ ಆಸೆ ತೋರಿಸಲಾಗುತ್ತಿತ್ತು. ಪರೀಕ್ಷೆಯಲ್ಲಿ ದೊರೆತುದು ಹಾಲಿನ ಸಕ್ಕರೆ, ಪಿಷ್ಟ, ಮೆಣಸಿನಕಾಯಿ. ಬೇರೆ ದಾರಿ ಕಾಣದ ಹೆಂಗಸಿನ ದುಃಖಕ್ಕೆ ಬೆಲೆ ಕಟ್ಟಿದ ಈ ನೀಚತನಕ್ಕೆ ಏನೆನ್ನಬೇಕು!

ಪತ್ರಿಕೆಗಳು ಇದನ್ನೆಲ್ಲ ಕಂಡೂ ಸುಮ್ಮನಿದ್ದುದೇಕೆ? ಔಷಧವಣಿಕರು ಅವುಗಳೊಡನೆ ಮಾಡಿಕೊಳ್ಳುತ್ತಿದ್ದ ಕರಾರುಗಳಲ್ಲಿ, ಆ ಪ್ರಾಂತದಲ್ಲಿ ಇಂತಹ ಔಷಧಗಳನ್ನು ನಿರ್ಬಂಧಿಸುವ ಕಾನೂನು ಬಂದರೆ ಕರಾರು ರದ್ದು ಎಂಬ ಷರತ್ತಿರುತ್ತಿತ್ತು. ಹಣ ಕೊಟ್ಟುದು ಜಾಗಕ್ಕೆ ಮಾತ್ರವಲ್ಲ, ಮೌನಕ್ಕೂ ಕೂಡ. 1905ರಲ್ಲಿ ‘ಕಾಲಿಯರ್ಸ್’ ವಾರಪತ್ರಿಕೆ ಈ ಗುಟ್ಟನ್ನು ಬಯಲಿಗೆಳೆಯಿತು. ಸ್ಯಾಮ್ಯುಯೆಲ್ ಹಾಪ್‌ಕಿನ್ಸ್ ಆಡಮ್ಸನ ಲೇಖನಮಾಲೆ ಅದರಲ್ಲಿಯೇ ಬಂದಿತು. 1906ರ ಕಾಯಿದೆ ಮದ್ಯ, ಅಫೀಮುಗಳ ಪ್ರಮಾಣವನ್ನು ಚೀಟಿಯ ಮೇಲೆ ಅಚ್ಚುಮಾಡಿಸಿತು. ಆದರೆ ಚೀಟಿ ಸತ್ಯ ನುಡಿಯಲು ಕಲಿತ ಮೇಲೂ ಪತ್ರಿಕೆಯ ಪುಟ ಸುಳ್ಳನ್ನೇ ಆಡುತ್ತಿತ್ತು. ಔಷಧದ ಸುಳ್ಳು ಜಾಹೀರಾತುಗಳಿಗೆ ಕೇಂದ್ರಸರ್ಕಾರದ ಸ್ಪಷ್ಟವಾದ ಅಂಕುಶ ಬಿದ್ದುದು 1938ರಲ್ಲಿ.

ನಮ್ಮಲ್ಲಿಯಾದರೋ 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯಿದೆಯು ಸುಳ್ಳು ಔಷಧ ಜಾಹೀರಾತಿನ ಪ್ರಕಟಣೆಯಲ್ಲಿ ಯಾರೂ ಭಾಗಿಯಾಗಕೂಡದೆಂದು ಸ್ಪಷ್ಟವಾಗಿ ವಿಧಿಸಿದೆ. ಹಣ ತೆತ್ತವನನ್ನು ಮುಂದೆ ನಿಲ್ಲಿಸಿ ತಾನು ಹಿಂದೆ ಅಡಗುವ ಸೌಕರ್ಯ ಪ್ರಕಾಶಕನಿಗಿಲ್ಲ. ಆದರೂ ಕುಡಿಯುವವರಿಗೆ ತಿಳಿಯದಂತೆ ಕುಡಿತ ಬಿಡಿಸುವ ಅದೇ ವಾಗ್ದಾನ ಇಂದು ಶುದ್ಧ ಕನ್ನಡದಲ್ಲಿ ಅಚ್ಚಾಗುತ್ತಿದೆ. ಕೆಲವೊಮ್ಮೆ ಪಾನನಿರೋಧದ ಸಂಪಾದಕೀಯವಿರುವ ಸಂಚಿಕೆಯಲ್ಲಿಯೇ! ವಾಚಕರು ಅಂತಹ ಜಾಹೀರಾತನ್ನು ಕತ್ತರಿಸಿ, ‘ಇದರಲ್ಲಿ ಏನೇನು ಬೆರೆತಿದೆ?’ ಎಂಬ ಒಂದೇ ಪ್ರಶ್ನೆಯೊಡನೆ ಅದನ್ನು ಅಚ್ಚುಹಾಕಿದ ಸಂಪಾದಕರಿಗೇ ಕಳುಹಿಸಲಿ.